ಗ್ರಹಗಳ ಬಾಣಂತಿ ಕೋಣೆ

ಹಿಂದಿನ ಕಾಲದ ಮನೆಗಳಲ್ಲಿ ಬಾಣಂತಿಯ ಕೋಣೆಯೆಂದರೆ ಅರೆಗತ್ತಲು, ಬೆಚ್ಚಗಿನ ಹವೆ, ಅಗ್ಗಿಷ್ಟಿಕೆಯಿಂದ ಏಳುವ ಸಾಂಬ್ರಾಣಿಯ ಹೊಗೆ, ಬಾಗಿಲಿಗೆ ಇಳಿಬಿಟ್ಟ ಪರದೆ. ಒಳಗೆ ಹೊಸ ಜೀವವೊಂದು ಕಣ್ಣು ತೆರೆದಿದೆಯೆಂಬುದನ್ನು ಅಳುವಿನ ಸದ್ದಿನಿಂದಲೇ ಅರಿಯಬೇಕಾಗಿತ್ತು; ಮುಖ ನೋಡುವ ಭಾಗ್ಯ ಹೊರಗಿನವರಿಗೆ ಕೂಡಲೇ ಒದಗುತ್ತಿರಲಿಲ್ಲ. ಆಕಾಶದಲ್ಲಿ ಗ್ರಹಗಳು ಜನಿಸುವ ತಾಣವೂ ಇದಕ್ಕಿಂತ ಬಹಳ ಭಿನ್ನವಲ್ಲ. ಎಳೆಯ ನಕ್ಷತ್ರದ ಸುತ್ತ ಕವಿದ ಧೂಳಿನ ಪರದೆಯ ಹಿಂದೆ, ಬೆಚ್ಚನೆಯ ಮಬ್ಬಿನಲ್ಲಿ, ಭೂಮಿಯಂತಹ ಹಾಗೂ ಗುರುವಿನಂತಹ ಲೋಕಗಳು ರೂಪು ತಳೆಯುತ್ತವೆ. ಆ ಪರದೆಯ ಒಳಗನ್ನು ಸ್ಪಷ್ಟವಾಗಿ ನೋಡಬಲ್ಲ ಕಣ್ಣು ಮನುಷ್ಯನಿಗೆ ಇನ್ನೂ ದೊರೆತಿಲ್ಲ. ಅಂತಹ ಕಣ್ಣೊಂದನ್ನು ನಿರ್ಮಿಸುವುದು ಹೇಗೆಂದು ಹಲವು ದೇಶಗಳ ಖಗೋಳಜ್ಞರು ಕೂಡಿ ವಿಚಾರ ಮಾಡಿದ್ದಾರೆ. ಅದರ ನಕ್ಷೆಯನ್ನೂ ಬರೆದಿದ್ದಾರೆ.

ದೂರದ ಗ್ರಹಗಳ ಹುಟ್ಟಿನ ಬಗ್ಗೆ ಇಷ್ಟೊಂದು ಕುತೂಹಲವೇಕೆ ಎಂದು ಕೇಳಬಹುದು. ಉತ್ತರ ೧೯೯೫ರಲ್ಲಿದೆ. ಆ ವರ್ಷ ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ದಿದಿಯೇ ಕೆಲೊ ಎಂಬ ವಿಜ್ಞಾನಿಗಳು ಫ್ರಾನ್ಸಿನ ಓತ್ ಪ್ರೊವಾನ್ಸ್ ವೀಕ್ಷಣಾಲಯದ ದೂರದರ್ಶಕದಿಂದ ೫೧ ಪೆಗಾಸಿ ಎಂಬ ನಕ್ಷತ್ರವನ್ನು ಪರೀಕ್ಷಿಸಿ, ಅದರ ಸುತ್ತ ಒಂದು ಗ್ರಹ ತಿರುಗುತ್ತಿದೆಯೆಂದು ಸಾರಿದರು. ಸೂರ್ಯನಂತಹ ಬೇರೊಂದು ನಕ್ಷತ್ರಕ್ಕೆ ಗ್ರಹವಿದೆಯೆಂದು ಸಿದ್ಧವಾದುದು ಅದೇ ಮೊದಲು. ಆದರೆ ಆ ಗ್ರಹದ ನಡತೆ ವಿಚಿತ್ರವಾಗಿತ್ತು. ಅದರ ತೂಕ ಗುರುಗ್ರಹದ ಸುಮಾರು ಅರ್ಧದಷ್ಟಿದ್ದರೂ, ಅದು ತನ್ನ ನಕ್ಷತ್ರಕ್ಕೆ ಅಂಟಿಕೊಂಡಂತೆ, ೪.೨ ದಿನಗಳಲ್ಲಿ ಒಂದು ಸುತ್ತು ಮುಗಿಸುತ್ತಿತ್ತು. ನಮ್ಮ ಗುರು ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು ಹನ್ನೆರಡು ವರ್ಷ ತೆಗೆದುಕೊಳ್ಳುತ್ತದೆ!

ಅಷ್ಟು ಉರಿಯಲ್ಲಿ ಅಂತಹ ದೈತ್ಯ ಗ್ರಹ ಹುಟ್ಟುವುದು ಬಹಳ ಕಷ್ಟ. ಆದ್ದರಿಂದ ಅದು ದೂರದಲ್ಲೆಲ್ಲೋ ಹುಟ್ಟಿ, ತರುವಾಯ ಒಳಗೆ ವಲಸೆ ಬಂದಿರಬೇಕೆಂದು ಹೆಚ್ಚಿನ ಪಂಡಿತರು ಊಹಿಸಿದರು. ಈ ಊಹೆಯ ಹಿಂದೆಯೇ ಒಂದು ಅಳುಕು ಹುಟ್ಟಿತು. ದೈತ್ಯನೊಬ್ಬ ಹೀಗೆ ಒಳನುಗ್ಗಿದರೆ ದಾರಿಯಲ್ಲಿದ್ದ ಪುಟ್ಟ ಲೋಕಗಳ ಗತಿಯೇನು? ನಮ್ಮ ಗುರು ಮಾತ್ರ ತನ್ನ ಎಲ್ಲೆಯಲ್ಲಿಯೇ ಉಳಿದುದೇಕೆ? ಅದು ಉಳಿಯದಿದ್ದರೆ ಭೂಮಿ ಎಂಬುದು ಇರುತ್ತಿತ್ತೆ? ೨೦೨೫ರ ವೇಳೆಗೆ ತಿಳಿದುಬಂದ ಅನ್ಯ ನಕ್ಷತ್ರಗಳ ಗ್ರಹಗಳ ಸಂಖ್ಯೆ ೬,೦೦೦ವನ್ನು ದಾಟಿತು. ಅವುಗಳಲ್ಲಿ ಬಹುತೇಕ ಎಲ್ಲವೂ ಬೆಳೆದು ನಿಂತ ಗ್ರಹಗಳು. ಊರಿನ ಹಿರಿಯರನ್ನೆಲ್ಲ ಎಣಿಸಿಯೂ ಒಂದು ಮಗುವನ್ನೂ ನೋಡದವನು ಮನುಷ್ಯ ಹೇಗೆ ಬೆಳೆಯುತ್ತಾನೆಂದು ಹೇಳಹೊರಟರೆ ಹೇಗಾದೀತೋ, ಗ್ರಹಶಾಸ್ತ್ರದ ಸ್ಥಿತಿ ಹೆಚ್ಚುಕಡಿಮೆ ಹಾಗೆಯೇ ಇದೆ.

ತಿರುಗುವ ತಟ್ಟೆ

ಗ್ರಹಗಳ ಹುಟ್ಟಿನ ಕಥೆಯನ್ನು ಮೊದಲು ಬರೆದವರು ದೂರದರ್ಶಕದ ಮುಂದೆ ಕುಳಿತವರಲ್ಲ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ೧೭೫೫ರಲ್ಲಿಯೂ, ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ೧೭೯೬ರಲ್ಲಿಯೂ ಒಂದೇ ಬಗೆಯ ಚಿತ್ರವನ್ನು ಮುಂದಿಟ್ಟರು. ವಿಶಾಲವಾದ ಮೋಡವೊಂದು ತನ್ನ ಭಾರಕ್ಕೆ ತಾನೇ ಕುಸಿಯುತ್ತ, ಕುಸಿದಂತೆಲ್ಲ ವೇಗವಾಗಿ ತಿರುಗುತ್ತ, ಕೊನೆಗೆ ಕುಂಬಾರನ ತಿಗರಿಯ ಮೇಲಿನ ಮಣ್ಣಿನಂತೆ ಚಪ್ಪಟೆಯಾಗುತ್ತದೆ. ನಡುವೆ ಸೂರ್ಯ, ಸುತ್ತಲಿನ ತಟ್ಟೆಯಲ್ಲಿ ಗ್ರಹಗಳು. ಎಲ್ಲ ಗ್ರಹಗಳೂ ಹೆಚ್ಚುಕಡಿಮೆ ಒಂದೇ ಸಮತಲದಲ್ಲಿ, ಒಂದೇ ದಿಕ್ಕಿನಲ್ಲಿ ಸೂರ್ಯನನ್ನು ಸುತ್ತುವುದಕ್ಕೆ ಇದಕ್ಕಿಂತ ಸರಳವಾದ ವಿವರಣೆಯಿಲ್ಲ.

ಆದರೆ ತಟ್ಟೆಯಿಂದ ಗ್ರಹಕ್ಕೆ ಬರುವ ದಾರಿ ಸುಗಮವಾದುದಲ್ಲ. ಸೋವಿಯೆತ್ ವಿಜ್ಞಾನಿ ವಿಕ್ತರ್ ಸಾಫ್ರೊನೋವ್ ೧೯೬೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ದಾರಿಯ ಲೆಕ್ಕವನ್ನು ಕ್ರಮವಾಗಿ ಮಾಡಿದರು. ಮೊಸರು ಕಡೆಯುವಾಗ ಬೆಣ್ಣೆಯ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಗಟ್ಟುವಂತೆ, ಧೂಳಿನ ಕಣಗಳು ಕೂಡಿ ಹರಳಾಗುತ್ತವೆ. ಹರಳುಗಳು ಕೂಡಿ ಬಂಡೆಯಾಗುತ್ತವೆ. ಬಂಡೆಗಳಿಂದ ಬೆಟ್ಟ, ಬೆಟ್ಟಗಳಿಂದ ಲೋಕ. ಬೆಳೆದ ತಿರುಳು ಭೂಮಿಯ ಹತ್ತರಷ್ಟು ತೂಕವನ್ನು ಮುಟ್ಟಿದಾಗ ಸುತ್ತಲಿನ ಅನಿಲವನ್ನೂ ಸೆಳೆದು ನುಂಗತೊಡಗುತ್ತದೆ. ಗುರುವಿನಂತಹ ದೈತ್ಯರು ಹೀಗೆ ಆಗುತ್ತಾರೆಂಬುದು ಇಂದು ಹೆಚ್ಚು ಮನ್ನಣೆ ಪಡೆದ ವಾದ.

ವಾದ ಸೊಗಸಾಗಿದೆ, ಆದರೆ ನಡುವೆ ತೊಡಕುಗಳಿವೆ. ಒಂದು ಮೀಟರ್ ಗಾತ್ರಕ್ಕೆ ಬೆಳೆದ ಬಂಡೆ ತಟ್ಟೆಯ ಅನಿಲದ ಎದುರುಗಾಳಿಗೆ ಸಿಕ್ಕಿ ವೇಗ ಕಳೆದುಕೊಂಡು, ಕೆಲವೇ ನೂರು ವರ್ಷಗಳಲ್ಲಿ ನಕ್ಷತ್ರದೊಳಗೆ ಬಿದ್ದುಹೋಗಬೇಕೆಂದು ಲೆಕ್ಕ ಹೇಳುತ್ತದೆ. ಹಾಗಾದರೆ ಬೆಟ್ಟಗಳು ಬೆಳೆದುದು ಹೇಗೆ? ತಟ್ಟೆಯ ಅನಿಲವೋ ಒಂದು ಕೋಟಿ ವರ್ಷದೊಳಗೆ ಚದುರಿಹೋಗುತ್ತದೆ. ಅಷ್ಟರೊಳಗೆ ದೈತ್ಯ ಗ್ರಹ ತನ್ನ ಊಟವನ್ನು ಮುಗಿಸಿರಬೇಕು. ಇಷ್ಟು ಅವಸರದ ಕೆಲಸ ಹಂತಹಂತವಾಗಿ ಆಗಲಾರದೆಂದೂ, ತಟ್ಟೆಯ ಹೊರಭಾಗವೇ ಒಮ್ಮೆಗೆ ಕುಸಿದು ಗ್ರಹವಾಗಬಹುದೆಂದೂ ಇನ್ನೊಂದು ಪಕ್ಷ ವಾದಿಸುತ್ತದೆ. ಎರಡು ಪಕ್ಷಗಳಲ್ಲಿಯೂ ಗಣಿತಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಪ್ರತ್ಯಕ್ಷ ಸಾಕ್ಷಿಗೆ.

ವೃಷಭ ರಾಶಿಯ ಉಂಗುರಗಳು

ಸಾಕ್ಷಿಯ ಮೊದಲ ತುಣುಕು ದೊರೆತದ್ದು ೨೦೧೪ರಲ್ಲಿ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಸಮುದ್ರಮಟ್ಟಕ್ಕೆ ೫,೦೦೦ ಮೀಟರ್ ಎತ್ತರದ ಅಟಕಾಮ ಮರುಭೂಮಿಯಲ್ಲಿ ಆಲ್ಮಾ ಎಂಬ ರೇಡಿಯೋ ದೂರದರ್ಶಕಗಳ ಸಮೂಹವಿದೆ. ೬೬ ಬೋಗುಣಿಗಳು ಒಟ್ಟಾಗಿ ಒಂದೇ ಕಣ್ಣಿನಂತೆ ಕೆಲಸ ಮಾಡುತ್ತವೆ. ರೋಹಿಣಿ ನಕ್ಷತ್ರವಿರುವ ವೃಷಭ ರಾಶಿಯ ದಿಕ್ಕಿನಲ್ಲಿ, ಸುಮಾರು ೪೫೦ ಜ್ಯೋತಿರ್ವರ್ಷಗಳ ದೂರದಲ್ಲಿ, ಎಚ್.ಎಲ್. ಟೌರಿ ಎಂಬ ಎಳೆಯ ನಕ್ಷತ್ರವಿದೆ. ಅದರ ವಯಸ್ಸು ಹತ್ತು ಲಕ್ಷ ವರ್ಷಕ್ಕಿಂತ ಹೆಚ್ಚಿರಲಾರದು; ನಕ್ಷತ್ರಗಳ ಲೋಕದಲ್ಲಿ ಇದು ಹಸುಗೂಸಿನ ಪ್ರಾಯ. ಆಲ್ಮಾ ತೆಗೆದ ಚಿತ್ರದಲ್ಲಿ ಆ ನಕ್ಷತ್ರದ ಸುತ್ತ, ತಟ್ಟೆಯಲ್ಲಿ ಒಂದರ ಹೊರಗೊಂದು ಬಿಡಿಸಿಟ್ಟ ಬಳೆಗಳಂತೆ, ಹೊಳೆಯುವ ಉಂಗುರಗಳೂ ಅವುಗಳ ನಡುವೆ ಕಪ್ಪು ಬಿರುಕುಗಳೂ ಕಂಡವು. ಹುಟ್ಟುತ್ತಿರುವ ಗ್ರಹಗಳೇ ಧೂಳನ್ನು ಬಾಚಿ ಆ ಬಿರುಕುಗಳನ್ನು ಕೊರೆದಿರಬೇಕೆಂದು ಹಲವರು ತರ್ಕಿಸಿದರು.

ಚಿತ್ರ ಅದ್ಭುತವಾದರೂ ಅದರ ಸೂಕ್ಷ್ಮತೆಗೆ ಮಿತಿಯುಂಟು. ಅದರಲ್ಲಿ ಗುರುತಿಸಬಹುದಾದ ಅತಿ ಸಣ್ಣ ಚುಕ್ಕೆಯ ಅಗಲ ಭೂಮಿಗೂ ಸೂರ್ಯನಿಗೂ ನಡುವಣ ಅಂತರದ ಐದರಷ್ಟು. ಸೂರ್ಯನಿಂದ ಗುರುಗ್ರಹಕ್ಕಿರುವ ದೂರವೂ ಅಷ್ಟೇ. ಎಂದರೆ ಬುಧ, ಶುಕ್ರ, ಭೂಮಿ, ಮಂಗಳಗಳೆಲ್ಲ ಹುಟ್ಟಬೇಕಾದ ಒಳಾಂಗಣ ಆ ಚಿತ್ರದ ನಡುವಿನ ಒಂದೆರಡು ಚುಕ್ಕೆಗಳಲ್ಲಿಯೇ ಅಡಗಿಹೋಗುತ್ತದೆ. ಮೇಲಾಗಿ, ಆಲ್ಮಾ ಹಿಡಿಯುವ ಮಿಲಿಮೀಟರ್ ಅಲೆಗಳು ಮುಖ್ಯವಾಗಿ ದೂರದ ತಣ್ಣನೆಯ ಧೂಳಿನಿಂದ ಹೊರಡುವಂಥವು.

ಎರಡನೆಯ ತುಣುಕು ೨೦೧೮ರದು. ಸುಮಾರು ೩೭೦ ಜ್ಯೋತಿರ್ವರ್ಷ ದೂರದ ಪಿ.ಡಿ.ಎಸ್. ೭೦ ಎಂಬ ನಕ್ಷತ್ರದ ತಟ್ಟೆಯ ಬರಿದಾದ ಭಾಗದಲ್ಲಿ, ಚಿಲಿಯಲ್ಲಿಯೇ ಇರುವ ಯೂರೋಪಿನ ದೂರದರ್ಶಕವೊಂದು ಇನ್ನೂ ಬೆಳೆಯುತ್ತಿರುವ ಗ್ರಹವೊಂದನ್ನು ಹಿಡಿಯಿತು. ಮರುವರ್ಷ ಅದಕ್ಕೊಂದು ಜೊತೆಯೂ ಸಿಕ್ಕಿತು. ೨೦೨೧ರಲ್ಲಿ ಆ ಎರಡನೆಯ ಗ್ರಹದ ಸುತ್ತಲೂ ಧೂಳಿನದೇ ಒಂದು ಪುಟ್ಟ ತಟ್ಟೆಯಿರುವುದನ್ನು ಆಲ್ಮಾ ತೋರಿಸಿತು. ಉಪಗ್ರಹಗಳು ಹುಟ್ಟಲು ತಕ್ಕ ಸಾಮಗ್ರಿಯಿದು. ಆದರೆ ಈ ಎರಡು ಗ್ರಹಗಳೂ ಗುರುವಿಗಿಂತ ಹಲವು ಪಟ್ಟು ಭಾರವಾದ ದೈತ್ಯರು. ತಮ್ಮ ನಕ್ಷತ್ರದಿಂದ ಯುರೇನಸ್ಸಿನಷ್ಟು ಅಥವಾ ಅದಕ್ಕಿಂತ ಹೆಚ್ಚು ದೂರದಲ್ಲಿ, ಒಂಟಿ ಮನೆ ಮಾಡಿಕೊಂಡವರು. ಅಂಗಳದಲ್ಲಿ ಓಡಾಡುವವರು ಕಣ್ಣಿಗೆ ಬಿದ್ದರೆಂದು ಒಳಮನೆಯ ಸಮಾಚಾರ ತಿಳಿದಂತಾಗುವುದಿಲ್ಲ.

ಶಾಖವನ್ನು ನೋಡುವ ಕಣ್ಣು

ಒಳಮನೆಯನ್ನು ನೋಡಲು ಎಂತಹ ಬೆಳಕು ಬೇಕು? ಇದಕ್ಕೆ ಉತ್ತರ ಇನ್ನೂರು ವರ್ಷಗಳಿಗೂ ಹಿಂದಿನ ಒಂದು ಸರಳ ಪ್ರಯೋಗದಲ್ಲಿದೆ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ೧೮೦೦ರಲ್ಲಿ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಕಾಮನಬಿಲ್ಲಿನ ಬಣ್ಣಗಳಾಗಿ ಹರಡಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದರು. ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಕಡೆಯಲ್ಲಿಯೂ ಪಾದರಸ ಏರಿತು. ಹೀಗೆ ಪತ್ತೆಯಾದವು ಅವಕೆಂಪು ಕಿರಣಗಳು.

ಬೆಚ್ಚಗಿರುವ ವಸ್ತುಗಳೆಲ್ಲ ಈ ಕಿರಣಗಳನ್ನು ಸೂಸುತ್ತವೆ. ಒಲೆಯಿಂದ ಇಳಿಸಿದ ಪಾತ್ರೆ, ಮನುಷ್ಯನ ಮೈ, ಗೋಡೆ, ನೆಲ ಯಾವುದೂ ಇದಕ್ಕೆ ಹೊರತಲ್ಲ. ಕೋಣೆಯ ಉಷ್ಣತೆಯಲ್ಲಿರುವ ವಸ್ತುಗಳು ಹೆಚ್ಚಾಗಿ ಸೂಸುವುದು ಸುಮಾರು ೧೦ ಮೈಕ್ರಾನ್ ತರಂಗಾಂತರದ ಕಿರಣಗಳನ್ನು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಭೂಮಿಯಂತಹ ಗ್ರಹಗಳು ಹುಟ್ಟುವ ಪ್ರದೇಶದ ಧೂಳು ಇದೇ ಹದದ ಶಾಖದಲ್ಲಿರುತ್ತದೆ. ಈ ಉದ್ದದ ಅಲೆಗಳು ಸಣ್ಣ ಧೂಳನ್ನು ದೃಶ್ಯಬೆಳಕಿಗಿಂತ ಸುಲಭವಾಗಿ ಹಾಯ್ದುಬರುತ್ತವೆಯೆಂಬುದು ಇನ್ನೊಂದು ಅನುಕೂಲ.

ಮೂರನೆಯ ಅನುಕೂಲ ಇವೆರಡಕ್ಕಿಂತ ದೊಡ್ಡದು. ದೃಶ್ಯಬೆಳಕಿನಲ್ಲಿ ನೋಡಿದರೆ ಸೂರ್ಯನ ಮುಂದೆ ಗುರುವಿನ ಕಾಂತಿ ಸುಮಾರು ನೂರು ಕೋಟಿಯಲ್ಲಿ ಒಂದು ಪಾಲು. ಆದರೆ ಹೊಸದಾಗಿ ಹುಟ್ಟಿದ ದೈತ್ಯ ಗ್ರಹ ತನ್ನ ಮೇಲೆ ಬಿದ್ದ ದ್ರವ್ಯದ ಹೊಡೆತದಿಂದ ಕಾದು ಕೆಂಡದಂತಿರುತ್ತದೆ. ೪೫೦ ಕೋಟಿ ವರ್ಷ ಕಳೆದ ಮೇಲೂ ನಮ್ಮ ಗುರು ಸೂರ್ಯನಿಂದ ಪಡೆಯುವುದಕ್ಕಿಂತ ಹೆಚ್ಚು ಶಾಖವನ್ನು ಹೊರಚೆಲ್ಲುತ್ತಿದೆಯೆಂದರೆ, ಬಾಲ್ಯದಲ್ಲಿ ಅದರ ಕಾವು ಎಷ್ಟಿದ್ದಿರಬೇಕು! ಅವಕೆಂಪಿನಲ್ಲಿ ಅಂತಹ ಶಿಶುಗ್ರಹವನ್ನು ನಕ್ಷತ್ರದ ಬೆಳಕಿನಿಂದ ಬೇರ್ಪಡಿಸುವ ಆಸೆಯನ್ನು ಇಟ್ಟುಕೊಳ್ಳಬಹುದು.

ಹಾಗಾದರೆ ದೊಡ್ಡದೊಂದು ಅವಕೆಂಪು ದೂರದರ್ಶಕವನ್ನು ಕಟ್ಟಿದರೆ ಸಾಲದೆ? ಸಾಲದು. ಅಲೆ ಉದ್ದವಾದಷ್ಟೂ ಕನ್ನಡಿಯೂ ಅಗಲವಾಗಬೇಕು. ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ. ಚಿಲಿಯಲ್ಲಿ ಯೂರೋಪಿನ ದೇಶಗಳು ೩೯ ಮೀಟರ್ ಅಗಲದ ಕನ್ನಡಿಯುಳ್ಳ ಬೃಹತ್ ದೂರದರ್ಶಕವನ್ನು ಕಟ್ಟುತ್ತಿವೆ. ಇದೂ ಕೂಡ ವೃಷಭ ರಾಶಿಯ ಆ ಎಳೆಯ ತಟ್ಟೆಯನ್ನು ೧೦ ಮೈಕ್ರಾನ್ ಬೆಳಕಿನಲ್ಲಿ ನೋಡಿದರೆ, ಭೂಮಿ-ಸೂರ್ಯರ ಅಂತರದ ಏಳರಷ್ಟಕ್ಕಿಂತ ಸಣ್ಣದಾದುದನ್ನು ಬಿಡಿಸಿ ತೋರಿಸಲಾರದು. ಬೇಕಾದುದು ಒಂದು ಕಿಲೋಮೀಟರಿಗೂ ಮಿಕ್ಕ ಅಗಲದ ಕನ್ನಡಿ. ಅಂತಹುದನ್ನು ಎರಕ ಹೊಯ್ಯುವ ಕಾರ್ಖಾನೆ ಭೂಮಂಡಲದಲ್ಲಿಲ್ಲ.

ಆರ್ದ್ರಾ ಕಲಿಸಿದ ಉಪಾಯ

ಇಲ್ಲಿ ನೆರವಿಗೆ ಬರುವುದು ಹಳೆಯದೊಂದು ಉಪಾಯ. ನಿಂತ ಕೆರೆಯಲ್ಲಿ ಎರಡು ಕಲ್ಲುಗಳನ್ನು ಒಟ್ಟಿಗೆ ಎಸೆದರೆ ಅಲೆಗಳು ಹರಡಿ ಒಂದರೊಡನೊಂದು ಸೇರುತ್ತವೆ. ಏರು ಏರಿಗೆ ಕೂಡಿದಲ್ಲಿ ಅಲೆ ಇಮ್ಮಡಿಯಾಗುತ್ತದೆ. ಏರು ಇಳಿತಕ್ಕೆ ಕೂಡಿದಲ್ಲಿ ನೀರು ಶಾಂತವಾಗುತ್ತದೆ. ಬೆಳಕಿನ ಅಲೆಗಳೂ ಹೀಗೆಯೇ ಕೂಡಿ ಬೆಳಗು-ಕತ್ತಲೆಯ ಪಟ್ಟಿಗಳನ್ನು ಮೂಡಿಸುತ್ತವೆ. ಇದೇ ವ್ಯತಿಕರಣ. ದೂರದೂರದಲ್ಲಿಟ್ಟ ಎರಡು ಸಣ್ಣ ಕನ್ನಡಿಗಳು ಒಂದೇ ನಕ್ಷತ್ರದ ಬೆಳಕನ್ನು ಹಿಡಿದು ಒಂದೆಡೆ ಸೇರಿಸಿದರೆ, ಆ ಪಟ್ಟಿಗಳನ್ನು ಅಳೆದು, ಎರಡು ಕನ್ನಡಿಗಳ ನಡುವಣ ಅಂತರದಷ್ಟೇ ಅಗಲವಾದ ಒಂದು ಮಹಾ ಕನ್ನಡಿ ಕಾಣಬಹುದಾದ ಸೂಕ್ಷ್ಮವನ್ನು ತಿಳಿಯಬಹುದು. ಫ್ರಾನ್ಸಿನ ಫಿಜೋ ೧೮೬೮ರಲ್ಲಿಯೇ ಈ ಸಲಹೆಯನ್ನು ಮುಂದಿಟ್ಟಿದ್ದರು.

ಸಲಹೆ ಸಾಧನೆಯಾಗಲು ಐವತ್ತೆರಡು ವರ್ಷ ಹಿಡಿಯಿತು. ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟದ ೧೦೦ ಅಂಗುಲದ ದೂರದರ್ಶಕದ ತುದಿಗೆ ಆಲ್ಬರ್ಟ್ ಮೈಕೆಲ್ಸನ್ ೨೦ ಅಡಿಯ ಉಕ್ಕಿನ ತೊಲೆಯನ್ನು ಅಡ್ಡಲಾಗಿ ಬಿಗಿಸಿದರು. ತೊಲೆಯ ಮೇಲೆ ಆಚೆ ಈಚೆ ಸರಿಯುವ ಕನ್ನಡಿಗಳಿದ್ದವು. ೧೯೨೦ರ ಡಿಸೆಂಬರ್ ೧೩ರ ರಾತ್ರಿ ಫ್ರಾನ್ಸಿಸ್ ಪೀಸ್ ಅದನ್ನು ಬೀಟಲ್‌ಜೂಸ್ ನಕ್ಷತ್ರದತ್ತ ತಿರುಗಿಸಿದರು. ಕನ್ನಡಿಗಳ ಅಂತರ ಹತ್ತು ಅಡಿಯಾದಾಗ ಪಟ್ಟಿಗಳು ಮಾಯವಾದವು. ಅದರಿಂದ ನಕ್ಷತ್ರದ ಅಗಲ ತಿಳಿಯಿತು. ಸೂರ್ಯನ ಹೊರತು ಬೇರೆ ನಕ್ಷತ್ರದ ಗಾತ್ರವನ್ನು ಮನುಷ್ಯ ನೇರವಾಗಿ ಅಳೆದದ್ದು ಅದೇ ಮೊದಲು. ಬೀಟಲ್‌ಜೂಸ್ ಎಂದರೆ ಕನ್ನಡ ನಾಡಿನ ರೈತರು ಮಳೆಗೆ ಹೆಸರಿಟ್ಟು ಕರೆಯುವ ನಮ್ಮ ಆರ್ದ್ರಾ ನಕ್ಷತ್ರವೇ.

ಉತ್ಸಾಹಗೊಂಡ ಪೀಸ್ ತರುವಾಯ ೫೦ ಅಡಿಯ ಯಂತ್ರವನ್ನೂ ಕಟ್ಟಿದರು. ಅದು ಸರಿಯಾಗಿ ಕೆಲಸ ಮಾಡಲಿಲ್ಲ. ತೊಲೆಯ ಅಳ್ಳಾಟ, ಗಾಳಿಯ ಚಂಚಲತೆ ಇವುಗಳನ್ನು ಗೆಲ್ಲುವ ಸಾಧನ ಆ ಕಾಲದಲ್ಲಿರಲಿಲ್ಲ. ವಿದ್ಯೆ ಹಲವು ದಶಕ ಮಲಗಿತು. ನೀಲಗಿರಿಯ ಅರುವಂಕಾಡಿನಲ್ಲಿ ೧೯೧೬ರಲ್ಲಿ ಹುಟ್ಟಿದ ಇಂಗ್ಲಿಷ್ ವಿಜ್ಞಾನಿ ಹ್ಯಾನ್‌ಬರಿ ಬ್ರೌನ್ ಬೇರೊಂದು ಬಗೆಯ ಯಂತ್ರವನ್ನು ೧೯೬೦ರ ದಶಕದಲ್ಲಿ ಆಸ್ಟ್ರೇಲಿಯದ ನರಾಬ್ರಿಯಲ್ಲಿ ಸ್ಥಾಪಿಸಿ ೩೨ ನಕ್ಷತ್ರಗಳ ಅಗಲವನ್ನು ಅಳೆದರು. ೧೯೭೪ರಲ್ಲಿ ಆಂತ್ವಾನ್ ಲಾಬೇರಿ ಫ್ರಾನ್ಸಿನ ನೀಸ್ ನಗರದಲ್ಲಿ ಎರಡು ಪ್ರತ್ಯೇಕ ದೂರದರ್ಶಕಗಳ ಬೆಳಕನ್ನು ಕೂಡಿಸಿ ಪಟ್ಟಿಗಳನ್ನು ಪಡೆದಾಗ ಮೈಕೆಲ್ಸನ್ನರ ಮಾರ್ಗಕ್ಕೆ ಮರುಜೀವ ಬಂದಿತು. ಲೇಸರ್ ವಿದ್ಯೆಯ ಮೂಲಪುರುಷರಲ್ಲಿ ಒಬ್ಬರಾದ ಚಾರ್ಲ್ಸ್ ಟೌನ್ಸ್ ಅದೇ ಮೌಂಟ್ ವಿಲ್ಸನ್ನಿನಲ್ಲಿ ೧೦ ಮೈಕ್ರಾನಿನ ಅವಕೆಂಪು ಕಿರಣಗಳಿಗೆ ಈ ಉಪಾಯವನ್ನು ಅಳವಡಿಸಿದರು.

ಆ ಬೆಟ್ಟದ ಮೇಲೆ ಈಗ ಕಾರಾ ಎಂಬ ಸಮೂಹವಿದೆ. ಒಂದೊಂದು ಮೀಟರಿನ ಆರು ದೂರದರ್ಶಕಗಳು ಸುಮಾರು ೩೩೦ ಮೀಟರ್ ವಿಸ್ತಾರಕ್ಕೆ ಹರಡಿವೆ. ೨೦೦೭ರಲ್ಲಿ ಟೌನ್ಸರ ಶಿಷ್ಯರಾದ ಜಾನ್ ಮೋನಿಯೇ ಮತ್ತು ಸಂಗಡಿಗರು ಇವುಗಳಲ್ಲಿ ನಾಲ್ಕನ್ನು ಕೂಡಿಸಿ ಶ್ರವಣ ನಕ್ಷತ್ರದ ಮೇಲ್ಮೈಯ ಚಿತ್ರವನ್ನು ಪಡೆದರು. ಅತಿವೇಗದ ಬುಗುರಿಯಂತೆ ತಿರುಗುವ ಆ ನಕ್ಷತ್ರ ಮೊಟ್ಟೆಯಂತೆ ಉಬ್ಬಿದ್ದುದೂ, ಅದರ ನಡುಭಾಗ ಮಂಕಾಗಿದ್ದುದೂ ಕಣ್ಣಿಗೆ ಕಂಡವು. ಚಿಲಿಯ ಪರಾನಾಲ್ ಬೆಟ್ಟದಲ್ಲಿ ಯೂರೋಪಿನವರು ೮.೨ ಮೀಟರಿನ ನಾಲ್ಕು ದೊಡ್ಡ ದೂರದರ್ಶಕಗಳನ್ನು ಇದೇ ರೀತಿ ಜೋಡಿಸಿದ್ದಾರೆ. ೨೦೧೯ರಲ್ಲಿ ಆ ಜೋಡಣೆ ಅನ್ಯ ನಕ್ಷತ್ರವೊಂದರ ಗ್ರಹವನ್ನು ವ್ಯತಿಕರಣದಿಂದ ನೇರವಾಗಿ ವೀಕ್ಷಿಸಿತು.

ಹನ್ನೆರಡು ದೂರದರ್ಶಕಗಳ ನಕ್ಷೆ

ಇಷ್ಟು ಹಿನ್ನೆಲೆಯೊಡನೆ ೨೦೧೩ರಲ್ಲಿ ಓತ್ ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಈ ವಿದ್ಯೆಯ ತಜ್ಞರು ಸಭೆ ಸೇರಿದರು. ೫೧ ಪೆಗಾಸಿಯ ಗ್ರಹ ದೊರೆತ ಸ್ಥಳವೇ ಅದು. ಮುಂದಿನ ಪೀಳಿಗೆಗೆ ಎಂತಹ ಯಂತ್ರ ಬೇಕೆಂಬ ಚರ್ಚೆಯಿಂದ ‘ಗ್ರಹಸೃಷ್ಟಿಯ ಚಿತ್ರಕ’ ಎಂದು ಕನ್ನಡಿಸಬಹುದಾದ ಯೋಜನೆ ಹೊರಟಿತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮೋನಿಯೇ ಅದರ ನಿರ್ದೇಶಕರಾದರು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸ್ಟೆಫಾನ್ ಕ್ರೌಸ್ ವಿಜ್ಞಾನದ ಗುರಿಗಳನ್ನು ನಿಶ್ಚಯಿಸುವ ಹೊಣೆ ಹೊತ್ತರು. ಯಂತ್ರದ ವಿನ್ಯಾಸ ಮೊದಲು ಕೇಂಬ್ರಿಜ್ಜಿನ ಡೇವಿಡ್ ಬುಷರ್ ಅವರ ಪಾಲಿಗೂ, ಅನಂತರ ಆಸ್ಟ್ರೇಲಿಯದ ಮೈಕೇಲ್ ಐರ್ಲೆಂಡ್ ಅವರ ಪಾಲಿಗೂ ಬಂದಿತು.

ಅವರು ಮೊದಲು ಕೇಳಿಕೊಂಡ ಪ್ರಶ್ನೆ ಎಷ್ಟು ಸೂಕ್ಷ್ಮವಾಗಿ ನೋಡಬೇಕೆಂಬುದು. ಪ್ರತಿಯೊಂದು ಗ್ರಹಕ್ಕೂ ತನ್ನದೇ ಆದ ಒಂದು ಅಧಿಕಾರ ಕ್ಷೇತ್ರವುಂಟು. ಅದರೊಳಗೆ ನಕ್ಷತ್ರದ ಸೆಳೆತಕ್ಕಿಂತ ಗ್ರಹದ ಸೆಳೆತವೇ ಮೇಲುಗೈಯಾಗಿರುತ್ತದೆ. ಇದಕ್ಕೆ ಹಿಲ್ ಗೋಳವೆಂದು ಹೆಸರು. ಗುರುಗ್ರಹದ ಅಗಲ ಸುಮಾರು ೧ ಲಕ್ಷ ೪೦ ಸಾವಿರ ಕಿಲೋಮೀಟರ್ ಆದರೆ, ಅದರ ಹಿಲ್ ಗೋಳದ ಅಗಲ ಹತ್ತು ಕೋಟಿ ಕಿಲೋಮೀಟರಿಗೂ ಹೆಚ್ಚು. ಬೆಳೆಯುತ್ತಿರುವ ಗ್ರಹ ತನ್ನ ಆಹಾರವನ್ನು ಸೆಳೆದುಕೊಳ್ಳುವುದು ಈ ವಲಯದೊಳಗೆ. ಉಪಗ್ರಹಗಳು ಹುಟ್ಟುವುದೂ ಇಲ್ಲಿಯೇ. ಆದ್ದರಿಂದ ಗ್ರಹದ ಮುಖವೇ ಬಿಡಿಯಾಗಿ ಕಾಣದಿದ್ದರೂ ಈ ತೊಟ್ಟಿಲು ಕಂಡರೆ ಕಾರ್ಯ ಸಾಧಿಸಿದಂತೆಯೇ ಸರಿ.

ಲೆಕ್ಕ ಹಾಕಿದಾಗ ದೂರದರ್ಶಕಗಳು ೧.೨ ಕಿಲೋಮೀಟರ್ ಅಂತರಕ್ಕೆ ಹರಡಬೇಕೆಂದು ತಿಳಿಯಿತು. ಹಾಗೆ ಮಾಡಿದರೆ ೪೫೦ ಜ್ಯೋತಿರ್ವರ್ಷ ದೂರದಲ್ಲಿ, ಭೂಮಿ-ಸೂರ್ಯರ ಅಂತರದ ಕಾಲುಭಾಗದಷ್ಟು ಸಣ್ಣದಾದುದನ್ನು ೧೦ ಮೈಕ್ರಾನ್ ಬೆಳಕಿನಲ್ಲಿ ಗುರುತಿಸಬಹುದು. ಈ ಸೂಕ್ಷ್ಮತೆ ಎಂತಹುದೆಂಬುದನ್ನು ಓದುಗರು ಹೀಗೆ ಊಹಿಸಿಕೊಳ್ಳಬಹುದು. ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ ೩,೨೧೪ ಕಿಲೋಮೀಟರ್. ಕನ್ಯಾಕುಮಾರಿಯಲ್ಲಿ ಒಬ್ಬನು ಹತ್ತು ರೂಪಾಯಿಯ ನಾಣ್ಯವನ್ನು ಎತ್ತಿಹಿಡಿದರೆ, ಆ ಉತ್ತರ ತುದಿಯಲ್ಲಿ ನಿಂತವನ ಕಣ್ಣಿಗೆ ನಾಣ್ಯ ತೋರುವ ಅಗಲ ಎಷ್ಟೋ, ಈ ಯಂತ್ರ ಬಿಡಿಸಿ ನೋಡಬೇಕಾದ ಅಗಲವೂ ಅಷ್ಟೇ.

ದೂರದರ್ಶಕಗಳ ಸಂಖ್ಯೆ ಹನ್ನೆರಡೆಂದು ನಿಶ್ಚಯಿಸಿದುದಕ್ಕೂ ಕಾರಣವಿದೆ. ಒಂದೊಂದು ಜೋಡಿಯೂ ಚಿತ್ರದ ಒಂದೊಂದು ಅಂಶವನ್ನು ಒದಗಿಸುತ್ತದೆ. ನಾಲ್ಕು ದೂರದರ್ಶಕಗಳಿಂದ ಆರು ಜೋಡಿಗಳಾದರೆ, ಆರರಿಂದ ಹದಿನೈದು, ಹನ್ನೆರಡರಿಂದ ಅರವತ್ತಾರು ಜೋಡಿಗಳಾಗುತ್ತವೆ. ಭೂಮಿ ತಿರುಗಿದಂತೆ ಜೋಡಿಗಳ ದಿಕ್ಕೂ ಬದಲಾಗುವುದರಿಂದ, ಒಂದು ರಾತ್ರಿಯ ಅವಧಿಯಲ್ಲಿ ಚಿತ್ರ ಇನ್ನಷ್ಟು ತುಂಬಿಕೊಳ್ಳುತ್ತದೆ.

ತೊಡಕುಗಳು

ಕಾಗದದ ಮೇಲೆ ಇಷ್ಟು ಸುಲಭವಾದುದು ನೆಲದ ಮೇಲೆ ಹಾಗಿಲ್ಲ. ಆಲ್ಮಾದ ಬೋಗುಣಿಗಳು ಹದಿನಾರು ಕಿಲೋಮೀಟರ್ ದೂರ ಹರಡಿದರೂ ಕೆಲಸ ನಡೆಯುತ್ತದ��, ಏಕೆಂದರೆ ರೇಡಿಯೋ ಅಲೆಯನ್ನು ಅಲ್ಲಲ್ಲಿಯೇ ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ, ಹಿಗ್ಗಿಸಿ, ತಂತಿಯ ಮೂಲಕ ಸಾಗಿಸಬಹುದು. ಅವಕೆಂಪು ಬೆಳಕನ್ನು ಹಾಗೆ ಹಿಗ್ಗಿಸಹೊರಟರೆ, ಮಂದವಾದ ಶಿಶುಗ್ರಹದ ಸುಳಿವು ಗದ್ದಲದಲ್ಲಿ ಮುಳುಗಿಹೋಗುತ್ತದೆ. ಬೆಳಕನ್ನೇ ಕನ್ನಡಿಯಿಂದ ಕನ್ನಡಿಗೆ, ಗಾಳಿ ತೆಗೆದ ಕೊಳವೆಗಳ ಮೂಲಕ, ಒಂದು ಕೇಂದ್ರಕ್ಕೆ ಕರೆತರಬೇಕು. ನಕ್ಷತ್ರ ಓರೆಯಾಗಿರುವಾಗ ಒಂದು ದೂರದರ್ಶಕಕ್ಕೆ ಬೆಳಕು ಮೊದಲೂ ಇನ್ನೊಂದಕ್ಕೆ ಆಮೇಲೂ ತಲಪುವುದರಿಂದ, ಮೊದಲು ಬಂದದ್ದನ್ನು ಹಳಿಗಳ ಮೇಲೆ ಸರಿಯುವ ಕನ್ನಡಿಗಳಲ್ಲಿ ಸುತ್ತಿಸಿ ತಡೆಹಿಡಿಯಬೇಕು. ನೂರಾರು ಮೀಟರುಗಳ ಈ ಓಟದಲ್ಲಿ ಒಂದು ಮೈಕ್ರಾನಿಗಿಂತ ಹೆಚ್ಚಿನ ತಪ್ಪಿಗೆ ಎಡೆಯಿಲ್ಲ. ಇದರ ಮೇಲೆ, ವಾತಾವರಣದ ಕುದಿತ ಪ್ರತಿಕ್ಷಣವೂ ಅಲೆಗಳನ್ನು ಹಿಂದುಮುಂದು ಮಾಡುತ್ತಿರುತ್ತದೆ.

ಶಾಖದ ಕಾಟ ಇನ್ನೊಂದು. ಕನ್ನಡಿ, ಕಂಬ, ಗಾಳಿ ಇವೆಲ್ಲವೂ ೧೦ ಮೈಕ್ರಾನಿನಲ್ಲಿ ಬೆಳಗುತ್ತಿರುವುದರಿಂದ, ಆ ಕಿರಣದಲ್ಲಿ ನೋಡುವವನಿಗೆ ನಡುರಾತ್ರಿಯೂ ಹಗಲಿನಂತೆಯೇ. ಗಾಳಿಯ ನೀರಾವಿಯೂ ಅವಕೆಂಪನ್ನು ಕುಡಿದುಬಿಡುತ್ತದೆ. ಆದ್ದರಿಂದ ಎತ್ತರವೂ ಶುಷ್ಕವೂ ಆದ ಪ್ರಸ್ಥಭೂಮಿಯನ್ನೇ ಹುಡುಕಬೇಕು. ನಕ್ಷತ್ರದ ಪ್ರಭೆಯನ್ನು ಅಡಗಿಸಲು ೧೯೭೮ರಲ್ಲಿ ರೊನಾಲ್ಡ್ ಬ್ರೇಸ್‌ವೆಲ್ ಒಂದು ಜಾಣ ದಾರಿಯನ್ನು ತೋರಿಸಿದ್ದರು: ಎರಡು ದೂರದರ್ಶಕಗಳಲ್ಲಿ ಒಂದರ ಅಲೆಯನ್ನು ಅರ್ಧ ಹೆಜ್ಜೆ ಹಿಂದಿಟ್ಟರೆ ನಕ್ಷತ್ರದ ಬೆಳಕು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ಪಕ್ಕದ ಗ್ರಹದ ಬೆಳಕು ಉಳಿಯುತ್ತದೆ. ಇದನ್ನು ಪಳಗಿಸುವ ಪ್ರಯತ್ನಗಳು ಈಗಿನ ಯಂತ್ರಗಳಲ್ಲಿ ನಡೆಯುತ್ತಿವೆ.

ಎಲ್ಲಕ್ಕಿಂತ ಕಠಿಣವಾದುದು ಹಣದ ಪ್ರಶ್ನೆ. ಕನ್ನಡಿಯ ಅಗಲ ಇಮ್ಮಡಿಯಾದರೆ ವೆಚ್ಚ ಇಮ್ಮಡಿಗೆ ನಿಲ್ಲದೆ ಹಲವು ಪಟ್ಟು ಏರುತ್ತದೆ. ಯೋಜಕರು ಎರಡು ನಕ್ಷೆಗಳನ್ನು ಮುಂದಿಟ್ಟಿದ್ದಾರೆ. ಒಂದರಲ್ಲಿ ಹನ್ನೆರಡು ದೂರದರ್ಶಕಗಳೂ ೩ ಮೀಟರಿನವು. ಇದು ಮುಖ್ಯವಾಗಿ ಕಾದು ಬೆಳಗುತ್ತಿರುವ ಎಳೆಯ ದೈತ್ಯ ಗ್ರಹಗಳನ್ನು ಹುಡುಕುವಂಥದು. ಇನ್ನೊಂದರಲ್ಲಿ ಹನ್ನೆರಡೂ ೮ ಮೀಟರಿನವು. ಇದರಿಂದ ಇನ್ನೂ ಹಲವು ಬಗೆಯ ಗ್ರಹಗಳನ್ನೂ, ತಟ್ಟೆಯ ಧೂಳನ್ನು ಹಿಮರೇಖೆಯವರೆಗೂ ಚಿತ್ರಿಸಬಹುದು.

ಈ ಹಿಮರೇಖೆಯೆಂಬುದು ಗೃಹಸ್ಥರೂ ಆಸಕ್ತಿ ವಹಿಸಬೇಕಾದ ವಿಷಯ. ನಕ್ಷತ್ರದಿಂದ ದೂರ ಹೋದಂತೆ ತಟ್ಟೆಯ ಶಾಖ ಇಳಿಯುತ್ತ, ಸೊನ್ನೆಗಿಂತ ಸುಮಾರು ೧೨೦ ಡಿಗ್ರಿ ಕೆಳಗೆ ಮುಟ್ಟಿದಲ್ಲಿ ನೀರಾವಿ ಹಿಮವಾಗುತ್ತದೆ. ಗೆರೆಯ ಆಚೆ ಹಿಮವೂ ಸೇರಿ ಕಟ್ಟುವ ಸಾಮಗ್ರಿ ಹೆಚ್ಚು. ದೈತ್ಯರು ಬೆಳೆಯುವುದು ಅಲ್ಲಿ. ಈಚೆ ಒಣ ಕಲ್ಲು. ಭೂಮಿ ಹುಟ್ಟಿದ್ದು ಇಲ್ಲಿ. ಹಾಗಿದ್ದೂ ಭೂಮಿಯ ಮೇಲೆ ಕಡಲುಗಳಿವೆ, ಕಾವೇರಿ-ಕೃಷ್ಣೆಯರು ಹರಿಯುತ್ತಾರೆ, ಮನೆಯ ಬಿಂದಿಗೆಯಲ್ಲಿ ನೀರಿದೆ. ಒಣ ಅಂಗಳಕ್ಕೆ ಈ ನೀರನ್ನು ತಂದವರಾರು, ಯಾವಾಗ ತಂದರು ಎಂಬ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ. ಆ ಗೆರೆಯ ಆಸುಪಾಸಿನಲ್ಲಿ ನಡೆಯುವ ವ್ಯವಹಾರವನ್ನು ಬೇರೆ ನಕ್ಷತ್ರಗಳ ಸುತ್ತ ಕಂಡರೆ ಉತ್ತರ ಹತ್ತಿರವಾದೀತು. ಅಗ್ಗದ ನಕ್ಷೆಗೂ ದುಬಾರಿ ನಕ್ಷೆಗೂ ಇರುವ ಅಂತರ ಬರಿಯ ಹಣದ್ದಲ್ಲವೆಂಬುದು ಇದರಿಂದ ತಿಳಿಯುತ್ತದೆ. ಒಂದು ಚಿಕ್ಕ ಬಿಂದುವನ್ನು ಮಾತ್ರ ನೋಡಿದರೆ ಸಾಕಾಗುವ, ಆದ್ದರಿಂದ ಸರಳವೂ ಹಗುರವೂ ಆದ ದೊಡ್ಡ ಕನ್ನಡಿಗಳನ್ನು ಕಡಿಮೆ ಬೆಲೆಯಲ್ಲಿ ಮಾಡುವ ದಾರಿಯನ್ನು ಯೋಜಕರು ಅರಸಿರುವುದು ಇದಕ್ಕಾಗಿಯೇ.

ಗಾಳಿಯೂ ಶಾಖವೂ ಇಲ್ಲದ ಅಂತರಿಕ್ಷಕ್ಕೇ ಹೋದರಾಗದೆ ಎಂಬ ಮಾತೂ ಉಂಟು. ಯೂರೋಪಿನ ಡಾರ್ವಿನ್, ಅಮೆರಿಕದ ಭೂಸದೃಶ ಗ್ರಹಶೋಧಕ ಎಂಬ ಎರಡು ಯೋಜನೆಗಳು ಹೀಗೆಯೇ ಆರಂಭವಾಗಿ, ಖರ್ಚಿನ ಭಾರಕ್ಕೂ ಕೆಲಸದ ಕಷ್ಟಕ್ಕೂ ಸಿಕ್ಕಿ ನಿಂತುಹೋದವು. ಜೂರಿಕ್ಕಿನ ವಿಜ್ಞಾನಿಗಳು ಮುಂದಾಗಿ ‘ಲೈಫ್’ ಎಂಬ ಹೆಸರಿನಲ್ಲಿ ಅದೇ ಕನಸನ್ನು ಮತ್ತೆ ಎತ್ತಿಕೊಂಡಿದ್ದಾರೆ.

ನೆಟ್ಟವರು ಯಾರೋ, ಉಂಡವರು ಯಾರೋ

ಗ್ರಹಸೃಷ್ಟಿಯ ಚಿತ್ರಕ ಇನ್ನೂ ಕಾಗದದ ಮೇಲಿದೆ. ಅದರ ವಿನ್ಯಾಸಕರು ಅದನ್ನು ಇಂದು ಕಟ್ಟಲಾಗುತ್ತಿರುವ ಬೃಹತ್ ದೂರದರ್ಶಕಗಳ ನಂತರದ ಕಾಲಕ್ಕೆಂದೇ ಆಲೋಚಿಸಿದವರು. ತಾವು ಬರೆದ ಗೆರೆಗಳು ಕಲ್ಲು ಕಬ್ಬಿಣವಾಗಿ ಮೇಲೇಳುವ ಹೊತ್ತಿಗೆ ತಾವು ಕೆಲಸದಿಂದ ನಿವೃತ್ತರಾಗಿರಬಹುದೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಆದರೂ ಈ ವಿದ್ಯೆಯ ಚರಿತ್ರೆ ಅವರ ಪಕ್ಷದಲ್ಲಿದೆ. ಫಿಜೋ ಅವರ ಸಲಹೆ ಆರ್ದ್ರೆಯನ್ನು ಮುಟ್ಟಲು ಅರ್ಧ ಶತಮಾನ ಬೇಕಾಯಿತು. ಪೀಸ್ ಅವರ ೫೦ ಅಡಿಯ ಯಂತ್ರ ಸೋತ ಬೆಟ್ಟದ ಮೇಲೆಯೇ, ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ತರುವಾಯ, ಶ್ರವಣದ ಮುಖ ಕಂಡಿತು. ತಾತ ನೆಟ್ಟ ಮಾವಿನ ಹಣ್ಣನ್ನು ಮೊಮ್ಮಕ್ಕಳು ತಿನ್ನುವುದು ಲೋಕದ ರೀತಿ.

ಇಂದು ಶಾಲೆಯ ಪುಸ್ತಕದಲ್ಲಿ ಸೌರಮಂಡಲದ ಚಿತ್ರಕ್ಕೆ ಬಣ್ಣ ತುಂಬುತ್ತಿರುವ ಹುಡುಗನೋ ಹುಡುಗಿಯೋ ದೊಡ್ಡವರಾದ ಮೇಲೆ, ಹುಟ್ಟುತ್ತಿರುವ ಲೋಕವೊಂದರ ನಿಜವಾದ ಚಿತ್ರವನ್ನು ಕೈಯಲ್ಲಿ ಹಿಡಿದಾರು. ಆಗ ಅವರಿಗೆ ಒಂದು ವಿಷಯ ನಿಶ್ಚಯವಾಗಿ ತಿಳಿದೀತು: ಕಲ್ಲಿನ ನೆಲ, ಕಡಲಿನ ನೀರು, ಉಸಿರಾಡುವ ಗಾಳಿ ಇವೆಲ್ಲ ಕೂಡಿದ ಭೂಮಿಯಂತಹ ಮನೆ ವಿಶ್ವದಲ್ಲಿ ಬೀದಿಗೊಂದರಂತೆ ಇದೆಯೋ, ಇಲ್ಲವೆ ಎಷ್ಟೋ ದೈತ್ಯರ ಓಡಾಟದ ನಡುವೆ ತಪ್ಪಿ ಉಳಿದುಕೊಂಡ ಅಪರೂಪದ ಮನೆಯೋ. ಎರಡನೆಯದೇ ನಿಜವಾದರೆ, ಈ ಮನೆಯನ್ನು ಜೋಪಾನವಾಗಿ ಇಟ್ಟುಕೊಳ್ಳುವ ಹೊಣೆ ಇಂದು ಅದರಲ್ಲಿ ವಾಸವಾಗಿರುವವರ ಮೇಲೆಯೇ ಇದೆ.